ದೊಡ್ಡ ಗಾಡಿ, ಸಣ್ಣ ದಾರಿ: ಪೆಟ್ರೋಲಿನ ಒಂದು ಲೆಕ್ಕ

2024-25ರ ಹಂಗಾಮಿನಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದುದರ ಗುರುತು ನಮ್ಮ ಭಾಗದಲ್ಲಿ ಎರಡು ಕಡೆ ಎದ್ದು ಕಾಣುತ್ತದೆ. ಒಂದು, ಹೊಸದಾಗಿ ಸಿಮೆಂಟು ಕಂಡ ಕಣಗಳು. ಇನ್ನೊಂದು, ಮನೆಯಂಗಳದಲ್ಲಿ ನಿಂತ ದೊಡ್ಡ ಮೋಟಾರು ಸೈಕಲ್ಲುಗಳು. 350 ಸಿ.ಸಿ., 450 ಸಿ.ಸಿ., ಒಂದೆರಡು ಕಡೆ 650 ಸಿ.ಸಿ. ಸಹ. ಇವು ದೂರದ ಪ್ರವಾಸಕ್ಕೆಂದೇ ತಯಾರಾದ ಗಾಡಿಗಳು. ಲಡಾಖಿಗೆ ಹೋಗಿಬರುವ ಆಸೆಯಿಂದ ಕೊಂಡುಕೊಂಡವರೂ ಇದ್ದಾರೆ, ಹೋಗಿ ಬಂದವರೂ ಇದ್ದಾರೆ. ಆದರೆ ವರ್ಷದ ಉಳಿದ ಮುನ್ನೂರೈವತ್ತು ದಿನ ಇವು ಹೋಗುವುದು ಮನೆಯಿಂದ ತೋಟಕ್ಕೆ, ತೋಟದಿಂದ ಪೇಟೆಗೆ, ಪೇಟೆಯಿಂದ ಬ್ಯಾಂಕಿಗೆ, ಮತ್ತೆ ಮನೆಗೆ.

ಈ ವಿಷಯವನ್ನು ಸಂಘದ ಪತ್ರಿಕೆಯಲ್ಲಿ ಏಕೆ ಬರೆಯಬೇಕು ಎಂದು ಕೆಲವರು ಹುಬ್ಬೇರಿಸಬಹುದು. ಕಾರಣ ಎರಡಿವೆ. ವಾಹನ ಸಾಲಕ್ಕಾಗಿ ನಮ್ಮ ಮೇಜಿಗೆ ಬರುವ ಅರ್ಜಿಗಳಲ್ಲಿ ಗಾಡಿಯ ಬೆಲೆ, ಕಂತು, ವಿಮೆ ಎಲ್ಲವೂ ಇರುತ್ತವೆ. ಪೆಟ್ರೋಲಿಗೆ ಮಾತ್ರ ಒಂದು ಅಂಕಣವೂ ಇಲ್ಲ. ಐದು ವರ್ಷದಲ್ಲಿ ಪೆಟ್ರೋಲಿಗೆ ಹೋಗುವ ಹಣ ಗಾಡಿಯ ಬೆಲೆಗೆ ಎಷ್ಟು ಹತ್ತಿರ ಬರುತ್ತದೆಂಬುದನ್ನು ಮುಂದೆ ನೋಡೋಣ. ಎರಡನೆಯದಾಗಿ, ಸಂಘದ ಕ್ಷೇತ್ರ ಸಿಬ್ಬಂದಿಗೆ ಕೊಡುವ ಪೆಟ್ರೋಲ್ ಭತ್ಯೆಯನ್ನು ಈ ವರ್ಷ ಪರಿಷ್ಕರಿಸಬೇಕಾಗಿದೆ. ಕಂಪೆನಿ ಹೇಳುವ ಮೈಲೇಜನ್ನೇ ಆಧಾರವಾಗಿ ಹಿಡಿದರೆ ಸಾಕಲ್ಲವೇ ಎಂಬ ಸಲಹೆ ಆಡಳಿತ ಮಂಡಲಿಯಲ್ಲಿ ಬಂದಿದೆ. ಸಾಲದು ಎಂಬುದು ನಮ್ಮ ಅಭಿಪ್ರಾಯ. ಏಕೆ ಸಾಲದು ಎಂಬುದನ್ನು ಸದಸ್ಯರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ನಮ್ಮ ಸೀಮೆಗೆ ದೊಡ್ಡ ಗಾಡಿಯ ಮೋಹ ಹೊಸದೇನೂ ಅಲ್ಲ. 1955ರಲ್ಲಿ ಮದರಾಸಿನಲ್ಲಿ ಬುಲೆಟ್ಟಿನ ತಯಾರಿಕೆ ಆರಂಭವಾದಾಗಿನಿಂದಲೂ ತೋಟದ ದಾರಿಗೂ ಅದಕ್ಕೂ ನಂಟು. ಹಳೆಯ ಬುಲೆಟ್ಟಿನ ಎಂಜಿನ್ನು 346 ಸಿ.ಸಿ.; ಸಿಲಿಂಡರಿನ ವ್ಯಾಸ 70 ಮಿ.ಮೀ., ಪಿಸ್ಟನ್ನಿನ ಓಟ 90 ಮಿ.ಮೀ. ಇಂಥ ಉದ್ದ ಓಟದ ಎಂಜಿನ್ನು ನಿಧಾನವಾಗಿ ತಿರುಗಿಯೇ ಭಾರ ಎಳೆಯುತ್ತದೆ. ಆದ್ದರಿಂದ ಅದರ ಗಾತ್ರ ನೋಡಿ ಹೆದರುವಷ್ಟು ಪೆಟ್ರೋಲನ್ನು ಅದು ಎಂದೂ ಕುಡಿಯಲಿಲ್ಲ. ಲೀಟರಿಗೆ 30ರ ಆಸುಪಾಸು ಸಾಮಾನ್ಯವಾಗಿ ಸಿಗುತ್ತಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳು 250 ಸಿ.ಸಿ.ಯವಾದರೂ ಈ ವಿಷಯದಲ್ಲಿ ಬುಲೆಟ್ಟಿಗಿಂತ ಮೇಲೆನಿಸಲಿಲ್ಲ. ಅವು ಟೂ ಸ್ಟ್ರೋಕು. ಹೊಗೆ ಹೊರಹೋಗುವ ಹೊತ್ತಿಗೇ ಹೊಸ ಪೆಟ್ರೋಲ್-ಗಾಳಿ ಮಿಶ್ರಣ ಒಳಬರುವುದರಿಂದ ಅದರಲ್ಲಿ ಒಂದು ಪಾಲು ಉರಿಯದೆಯೇ ಸೈಲೆನ್ಸರಿನ ದಾರಿ ಹಿಡಿಯುತ್ತದೆ. 1983ರಲ್ಲಿ ಬಂದ ರಾಜದೂತ್ 350ರ ಕಥೆ ಎಲ್ಲರಿಗೂ ತಿಳಿದದ್ದೇ. ಎರಡು ಸಿಲಿಂಡರು, ಟೂ ಸ್ಟ್ರೋಕು, ಗಾಳಿಯ ವೇಗ. ಆದರೆ ಬಂಕಿನವರನ್ನು ಬಿಟ್ಟರೆ ಮತ್ತಾರೂ ಅದರ ಮೈಲೇಜನ್ನು ಹೊಗಳಲಿಲ್ಲ. 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100 ಬಂದು ನೂರು ಸಿ.ಸಿ.ಯ ಫೋರ್ ಸ್ಟ್ರೋಕ್ ಎಂಜಿನ್ನು ಏನು ಮಾಡಬಲ್ಲದೆಂದು ತೋರಿಸಿದ ಮೇಲೆ ದೇಶದ ಜನ ಮೈಲೇಜಿನ ಭಾಷೆಯಲ್ಲೇ ಮಾತಾಡಲು ತೊಡಗಿದರು. ‘ಎಷ್ಟು ಕೊಡ್ತದೆ?’ ಎಂಬ ಪ್ರಶ್ನೆ ಹಸುವಿನ ಹಾಲಿನಿಂದ ಮೋಟಾರು ಸೈಕಲ್ಲಿಗೆ ಇಳಿದದ್ದು ಆಗಲೇ ಇರಬೇಕು.

ಡೀಸೆಲ್ ಬುಲೆಟ್ಟನ್ನು ಇಲ್ಲಿ ನೆನೆಯದಿದ್ದರೆ ಹಿರಿಯ ಸದಸ್ಯರು ನಮ್ಮನ್ನು ಕ್ಷಮಿಸಲಾರರು. ಟಾರಸ್ ಎಂಬ ಹೆಸರಿನ 325 ಸಿ.ಸಿ.ಯ ಆ ಗಾಡಿ ಲೀಟರಿಗೆ 70 ಕಿ.ಮೀ. ದಾಟಿ ಓಡುತ್ತಿತ್ತು. ಗಂಟೆಗೆ 65 ಕಿ.ಮೀ. ದಾಟಿಸುವುದು ಕಷ್ಟ, ನಡುಕಕ್ಕೆ ಜೇಬಿನ ಚಿಲ್ಲರೆ ಸಹ ಕುಣಿಯುತ್ತಿತ್ತು. ಹೊಗೆಯ ನಿಯಮಗಳು ಬಿಗಿಯಾದ ಮೇಲೆ 2000ದ ಸುಮಾರಿಗೆ ಅದು ನಿಂತುಹೋಯಿತು.

ಈಗ ಕಂಪೆನಿಯ ಅಂಕಿಯ ವಿಷಯ. ಅದು ಸುಳ್ಳಲ್ಲ. ಆದರೆ ಅದು ಎಲ್ಲಿ ಹುಟ್ಟಿದ್ದು ಎಂಬುದನ್ನು ತಿಳಿದಿರಬೇಕು. ಗಾಡಿಯನ್ನು ಉರುಳೆಗಳ ಮೇಲೆ ನಿಲ್ಲಿಸಿ, ನಿಗದಿಯಾದ ಒಂದು ವೇಗದ ನಕ್ಷೆಯಂತೆ ಓಡಿಸಿ, ಹೊರಬಂದ ಹೊಗೆಯನ್ನು ಅಳೆದು ಇಂಧನದ ಲೆಕ್ಕ ಹಾಕುತ್ತಾರೆ. ಬಹುಕಾಲ ಬಳಕೆಯಲ್ಲಿದ್ದ ಭಾರತೀಯ ಪರೀಕ್ಷಾ ಕ್ರಮದಲ್ಲಿ ಒಂದು ಸುತ್ತು 108 ಸೆಕೆಂಡು. ಗರಿಷ್ಠ ವೇಗ ಗಂಟೆಗೆ 42 ಕಿ.ಮೀ., ಸರಾಸರಿ ಸುಮಾರು 22. ಬಿ.ಎಸ್. 6 ಜಾರಿಗೆ ಬಂದ 2020ರಿಂದ ಜಾಗತಿಕ ಪರೀಕ್ಷಾ ಕ್ರಮ ಬಂದು ವೇಗದ ನಕ್ಷೆ ಹೆಚ್ಚು ನೈಜವಾಗಿದೆ. ಆದರೂ ಆ ಉರುಳೆಗೆ ಏರಿಲ್ಲ, ಮಳೆಯಿಲ್ಲ, ಹಿಂದಿನ ಸೀಟಿನಲ್ಲಿ ಮನೆಯವರಿಲ್ಲ, ಪಕ್ಕದಲ್ಲಿ ಕಟ್ಟಿದ ಗೊಬ್ಬರದ ಚೀಲವಿಲ್ಲ. ಚೆರಿ ಕಾಫಿಯ ಸ್ಯಾಂಪಲ್ ತೆಗೆದು ಹೇಳಿದ ಔಟ್‌ಟರ್ನಿಗೂ ಲೋಡು ಪೂರಾ ಹಲ್ಲಿಂಗ್ ಆದ ಮೇಲೆ ಕೈಗೆ ಬಂದ ತೂಕಕ್ಕೂ ಎಷ್ಟು ಅಂತರವೆಂದು ಬಲ್ಲ ನಮಗೆ ಇದನ್ನು ವಿವರಿಸಬೇಕಾದ್ದಿಲ್ಲ. ಗಾಡಿ ಗಾಡಿಗೆ ಹೋಲಿಸಲು ಕಂಪೆನಿಯ ಅಂಕಿ ಒಳ್ಳೆಯದು. ತಿಂಗಳ ಖರ್ಚು ಹಾಕಲು ಅಲ್ಲ.

ಹಾಗಾದರೆ ನಿಜವಾದ ಮೈಲೇಜು ಎಷ್ಟು? ಅದನ್ನು ಅಳೆಯುವ ವಿಧಾನ ಒಂದೇ: ಟ್ಯಾಂಕು ತುಂಬಿಸುವುದು, ಮೀಟರಿನ ಅಂಕಿ ಬರೆದುಕೊಳ್ಳುವುದು, ಓಡಿಸುವುದು, ಮತ್ತೆ ಅದೇ ಗುರುತಿಗೆ ತುಂಬಿಸುವುದು. ಎರಡನೇ ಸಲ ಹಿಡಿಸಿದ ಪೆಟ್ರೋಲೇ ಖರ್ಚಾದ ಪೆಟ್ರೋಲು. ಇದರಲ್ಲಿ ಜನ ಎಡವುವುದು ಮೂರು ಕಡೆ. ಒಮ್ಮೆ ಸೈಡ್ ಸ್ಟ್ಯಾಂಡಿನಲ್ಲೂ ಇನ್ನೊಮ್ಮೆ ನೆಟ್ಟಗೆ ನಿಲ್ಲಿಸಿಯೂ ತುಂಬಿಸುತ್ತಾರೆ. ಅರ್ಧ ಲೀಟರಿನಷ್ಟು ವ್ಯತ್ಯಾಸ ಅಲ್ಲಿಯೇ ಆಗಬಹುದು. ಐದು ಲೀಟರಿನ ಅಳತೆಯಲ್ಲಿ ಅರ್ಧ ಲೀಟರೆಂದರೆ ಶೇಕಡ 10ರ ತಪ್ಪು. ಆದ್ದರಿಂದ ಒಂದು ಸಲ ತುಂಬಿಸಿ ತೀರ್ಪು ಕೊಡಬಾರದು, ನಾಲ್ಕೈದು ಸಲದ ಮೊತ್ತ ಹಿಡಿಯಬೇಕು. ಎರಡನೆಯದು ಮೀಟರು. ಅದನ್ನು ಹೆದ್ದಾರಿಯ ಕಿಲೋಮೀಟರು ಕಲ್ಲಿನ ಜೊತೆ ಒಮ್ಮೆ ತಾಳೆ ನೋಡಬೇಕು. ಕಲ್ಲು 20 ಎಂದಾಗ ಮೀಟರು 21 ತೋರಿದರೆ ನಿಮ್ಮ ಮೈಲೇಜಿನಲ್ಲಿ ಶೇಕಡ 5 ಗಾಳಿ ಸೇರಿದೆ ಎಂದು ಅರ್ಥ.

ಮೂರನೆಯದು ಲೆಕ್ಕದ ತಪ್ಪು, ಇದನ್ನು ಓದಿದವರೂ ಮಾಡುತ್ತಾರೆ. ಬಯಲಲ್ಲಿ 100 ಕಿ.ಮೀ.ಗೆ ಲೀಟರಿಗೆ 40 ಬಂತು, ಘಟ್ಟದಲ್ಲಿ 100 ಕಿ.ಮೀ.ಗೆ ಲೀಟರಿಗೆ 25 ಬಂತು, ಸರಾಸರಿ ಎಷ್ಟು? ಮೂವತ್ತೆರಡೂವರೆ ಎನ್ನುತ್ತಾರೆ. ಬಯಲಿಗೆ ಖರ್ಚಾದದ್ದು 2.5 ಲೀಟರು, ಘಟ್ಟಕ್ಕೆ 4 ಲೀಟರು, ಒಟ್ಟು 6.5 ಲೀಟರಿಗೆ 200 ಕಿ.ಮೀ. ಅಂದರೆ 31ಕ್ಕೂ ಕಡಿಮೆ. ಮೈಲೇಜುಗಳನ್ನು ಕೂಡಿ ಭಾಗಿಸಬಾರದು. ಕಿಲೋಮೀಟರುಗಳನ್ನು ಕೂಡಬೇಕು, ಲೀಟರುಗಳನ್ನು ಕೂಡಬೇಕು, ಆಮೇಲೆ ಒಂದರಿಂದ ಇನ್ನೊಂದನ್ನು ಭಾಗಿಸಬೇಕು.

ಇಷ್ಟು ಮಾಡಿ ನೋಡಿದರೆ ಇಂದಿನ 350 ಸಿ.ಸಿ. ಗಾಡಿಗಳು ದಿನಬಳಕೆಯಲ್ಲಿ 30ರಿಂದ 35, ಕೆಲವರ ಕೈಯಲ್ಲಿ ಅದಕ್ಕಿಂತ ಸ್ವಲ್ಪ ಮೇಲೆ ಕೊಡುತ್ತವೆ. 450ರದ್ದು 30ರ ಒಳಗೆ-ಹೊರಗೆ. 650ರ ಜೋಡಿ ಸಿಲಿಂಡರಿನದು ಇನ್ನೂ ಕೆಳಗೆ. ಮದುವೆ ಮನೆಯಲ್ಲಿ ಕೇಳಿಬರುವ ಅಂಕಿಗಳನ್ನು ನಾವಿಲ್ಲಿ ಗಣನೆಗೆ ತೆಗೆದುಕೊಂಡಿಲ್ಲ.

ಈ ಪೆಟ್ರೋಲೆಲ್ಲ ಹೋಗುವುದೆಲ್ಲಿಗೆ? ಮೊದಲು ತೂಕದ ಮಾತು. ಈಗಿನ 350ರ ಗಾಡಿ ಸುಮಾರು 195 ಕಿಲೋ. ಸವಾರ 75, ಹಿಂದೆ ಕುಳಿತವರು 60 ಎಂದು ಹಿಡಿಯೋಣ. ಒಟ್ಟು 330 ಕಿಲೋ. ಪೆಟ್ರೋಲಿನ ಶಾಖದಲ್ಲಿ ಕಾಲು ಭಾಗ ಮಾತ್ರ ಚಕ್ರಕ್ಕೆ ಮುಟ್ಟುತ್ತದೆ, ಉಳಿದದ್ದು ಎಂಜಿನ್ನಿನ ಬಿಸಿಗೂ ಹೊಗೆಗೂ ಹೋಗುತ್ತದೆ. ಈ ಲೆಕ್ಕದಂತೆ 330 ಕಿಲೋವನ್ನು 100 ಮೀಟರು ಎತ್ತರ ಏರಿಸಲು ಹತ್ತಿರ ಹತ್ತಿರ 40 ಮಿಲಿ ಲೀಟರು ಬೇಕು. ಲೀಟರಿಗೆ 33 ಓಡುವ ಗಾಡಿ ಸಮತಟ್ಟಿನಲ್ಲಿ ಒಂದು ಕಿಲೋಮೀಟರಿಗೆ 30 ಮಿಲಿ ಬಳಸುತ್ತದೆ. ಎಂದರೆ ನೂರು ಮೀಟರಿನ ಏರು, ದಾರಿಯ ಉದ್ದದ ಖರ್ಚಲ್ಲದೆ, ಒಂದೂಕಾಲು ಕಿಲೋಮೀಟರಿಗಿಂತ ಹೆಚ್ಚಿನ ಸಮತಟ್ಟು ದಾರಿಯ ಪೆಟ್ರೋಲನ್ನು ನುಂಗುತ್ತದೆ. ಇಳಿಯುವಾಗ ಇದರಲ್ಲಿ ಸ್ವಲ್ಪ ವಾಪಸು ಬರುತ್ತದೆ; ಆದರೆ ನಮ್ಮ ಘಾಟಿಯ ತಿರುವುಗಳಲ್ಲಿ ಅದರ ಬಹುಪಾಲನ್ನು ಬ್ರೇಕಿಗೆ ಕೊಟ್ಟುಬಿಡುತ್ತೇವೆ.

ಬ್ರೇಕಿನ ಲೆಕ್ಕವೂ ಹೀಗೆಯೇ. ಅದೇ 330 ಕಿಲೋವನ್ನು ಗಂಟೆಗೆ 60 ಕಿ.ಮೀ. ವೇಗಕ್ಕೆ ತರಲು ಹತ್ತಿರ ಹತ್ತಿರ 6 ಮಿಲಿ ಪೆಟ್ರೋಲು ಬೇಕು, 40 ಕಿ.ಮೀ.ಗೆ ಎರಡೂವರೆ ಮಿಲಿ ಸಾಕು. ಹಂಪು ಕಣ್ಣಿಗೆ ಬಿದ್ದ ಮೇಲೂ 60ರಲ್ಲೇ ನುಗ್ಗಿ, ಹಂಪಿನ ಬುಡದಲ್ಲಿ ಬ್ರೇಕು ಹಾಕಿ, ದಾಟಿದ ಕೂಡಲೇ ಮತ್ತೆ 60ಕ್ಕೆ ಎಬ್ಬಿಸುವವರು ಪ್ರತಿ ಹಂಪಿಗೆ ಸುಮಾರು 200 ಮೀಟರು ದಾರಿಯ ಪೆಟ್ರೋಲನ್ನು ದಾನ ಮಾಡುತ್ತಾರೆ. ಗ್ರಾಮ ಪಂಚಾಯಿತಿಗಳು ಹಂಪಿನ ವಿಷಯದಲ್ಲಿ ಎಷ್ಟು ಉದಾರಿಗಳೆಂಬುದನ್ನು ನಾವು ಹೇಳಬೇಕಾಗಿಲ್ಲ. ದೂರದಿಂದಲೇ ಕೈ ಸಡಿಲಿಸಿ, ಗೇರಿನಲ್ಲೇ ಇಳಿದುಬರುವವರಿಗೆ ಈ ಖರ್ಚಿನ ಬಹುಭಾಗ ಉಳಿಯುತ್ತದೆ. ಭಾರದ ಗಾಡಿಯಲ್ಲಿ ಈ ಉಳಿತಾಯ ದೊಡ್ಡದು, 112 ಕಿಲೋದ ನೂರು ಸಿ.ಸಿ. ಗಾಡಿಯಲ್ಲಿ ಸಣ್ಣದು.

ಮೂರನೆಯದು ಗಾಳಿ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 60ರಿಂದ 90ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಗಾಳಿಯ ತಡೆ ಎರಡೂಕಾಲು ಪಟ್ಟು. ಪ್ರವಾಸದ ಗಾಡಿಗಳಲ್ಲಿ ಕುಳಿತುಕೊಳ್ಳುವ ಭಂಗಿ ನೆಟ್ಟಗೆ, ಹ್ಯಾಂಡಲು ಅಗಲ. ಅದರ ಮೇಲೆ ಎರಡು ಪಕ್ಕಕ್ಕೆ ಪೆಟ್ಟಿಗೆ. ಪೆಟ್ಟಿಗೆಗಳನ್ನು ಪ್ರವಾಸದಿಂದ ಬಂದ ದಿನ ಕಳಚಿಡುವುದನ್ನು ಬಿಟ್ಟು ವರ್ಷವಿಡೀ ಖಾಲಿಯಾಗಿ ಹೊತ್ತು ತಿರುಗುವ ಪದ್ಧತಿ ನಮಗೆ ಅರ್ಥವಾಗಿಲ್ಲ. 1978ರಲ್ಲಿ ಸ್ಥಾಪನೆಯಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘದವರು ಗಂಟೆಗೆ 45ರಿಂದ 55 ಕಿ.ಮೀ. ವೇಗವೇ ಮಿತವ್ಯಯದ್ದೆಂದು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ನಮ್ಮ ಒಳರಸ್ತೆಗಳಲ್ಲಿ ಅದಕ್ಕಿಂತ ಹೆಚ್ಚಿಗೆ ಓಡಿಸಲು ಗುಂಡಿಗಳೇ ಬಿಡುವುದಿಲ್ಲವಾದ್ದರಿಂದ ಈ ಬಾಬ್ತಿನಲ್ಲಿ ನಾವು ಒಂದು ರೀತಿಯಲ್ಲಿ ಅದೃಷ್ಟವಂತರು.

ಆದರೆ ದೊಡ್ಡ ಎಂಜಿನ್ನಿಗೆ ನಿಜವಾದ ನಷ್ಟ ಆಗುವುದು ಕಣ್ಣಿಗೆ ಕಾಣದ ಜಾಗದಲ್ಲಿ. 40 ಅಶ್ವಶಕ್ತಿಯ ಗಾಡಿಯನ್ನು ಗಂಟೆಗೆ 45 ಕಿ.ಮೀ.ನಲ್ಲಿ ಓಡಿಸಲು ಎರಡು ಮೂರು ಅಶ್ವಶಕ್ತಿ ಸಾಕು. ಉಳಿದ ಸಾಮರ್ಥ್ಯ ಸುಮ್ಮನೆ ಕುಳಿತಿದ್ದರೆ ಸರಿ, ಅದು ಸುಮ್ಮನೆ ಕೂರುವುದಿಲ್ಲ. ದೊಡ್ಡ ಪಿಸ್ಟನ್ನಿನ ಘರ್ಷಣೆ, ಅರೆ ಮುಚ್ಚಿದ ಬಾಯಿಯಿಂದ ಗಾಳಿ ಎಳೆಯುವ ಶ್ರಮ, ಇವೆಲ್ಲಕ್ಕೂ ಪೆಟ್ರೋಲು ಬೇಕು. ಹತ್ತು ಎಚ್.ಪಿ. ಮೋಟಾರು ಇಟ್ಟು ಒಂದೇ ಜೆಟ್ಟಿಗೆ ನೀರು ಹಾಯಿಸಿದಂತೆ. ಇದಕ್ಕೆ ಸವಾರ ಮಾಡಬಹುದಾದದ್ದು ಒಂದೇ: ಎಂಜಿನ್ನು ಕುಟ್ಟಿಕೊಳ್ಳದ ಮಟ್ಟಿಗೆ ಮೇಲಿನ ಗೇರಿನಲ್ಲಿ ಓಡಿಸುವುದು. 349 ಸಿ.ಸಿ.ಯ ಈಗಿನ ಎಂಜಿನ್ನು ಸಹ ಉದ್ದ ಓಟದ್ದೇ, 72ಕ್ಕೆ 85.8 ಮಿ.ಮೀ.; ಕೆಳಗಿನ ತಿರುಗುವಿಕೆಯಲ್ಲೇ ಎಳೆಯುತ್ತದೆ, ಆದ್ದರಿಂದ ದಿನಬಳಕೆಗೆ ಒಗ್ಗುತ್ತದೆ. 452 ಸಿ.ಸಿ.ಯದು 84ಕ್ಕೆ 81.5, ವೇಗವಾಗಿ ತಿರುಗಿದರೇ ಅದಕ್ಕೆ ಜೀವ. ಪೇಟೆಯ ಬೀದಿಯಲ್ಲಿ ಎರಡನೇ ಗೇರಿನಲ್ಲಿ ಅದನ್ನು ಮೆರೆಸಿ ಮೈಲೇಜು ಬರಲಿಲ್ಲವೆಂದು ದೂರುವುದು ಸರಿಯಲ್ಲ.

ಸಣ್ಣ ದಾರಿಯ ಇನ್ನೊಂದು ಶತ್ರು ತಣ್ಣಗಿನ ಎಂಜಿನ್ನು. ಬೆಳಗಿನ ಮಂಜಿನಲ್ಲಿ ಹೊರಡುವ ಗಾಡಿಗೆ ಮೊದಲ ಕೆಲವು ಕಿಲೋಮೀಟರು ಹೆಚ್ಚು ಪೆಟ್ರೋಲು ಬೇಕು. ಎಣ್ಣೆ ಗಟ್ಟಿ, ಮಿಶ್ರಣ ದಪ್ಪ. ತೋಟ ಮೂರು ಕಿಲೋಮೀಟರು ದೂರವಿದ್ದರೆ ಎಂಜಿನ್ನು ಹದವಾದ ಬಿಸಿಗೆ ಬರುವ ಹೊತ್ತಿಗೆ ನಾವು ಇಳಿದು ರೈಟರ ಜೊತೆ ಮಾತಿಗೆ ನಿಂತಿರುತ್ತೇವೆ. ಒಂದು ಗಂಟೆಯ ಮೇಲೆ ಮತ್ತೆ ತಣ್ಣಗಾದ ಎಂಜಿನ್ನು, ಮತ್ತೆ ಅದೇ ಖರ್ಚು. ದಿನಕ್ಕೆ ನಾಲ್ಕು ಸಲ ಮೂರು ಮೂರು ಕಿಲೋಮೀಟರು ಹೋಗುವುದಕ್ಕೂ ಒಂದೇ ಸಲ ಹನ್ನೆರಡು ಕಿಲೋಮೀಟರು ಹೋಗುವುದಕ್ಕೂ ಮೀಟರಿನಲ್ಲಿ ವ್ಯತ್ಯಾಸವಿಲ್ಲ, ಬಂಕಿನಲ್ಲಿ ಇದೆ. ಪೇಟೆಯ ಕೆಲಸಗಳನ್ನು ಒಟ್ಟು ಮಾಡಿಕೊಂಡು ಒಂದೇ ಸುತ್ತಿನಲ್ಲಿ ಮುಗಿಸುವ ಹಿರಿಯರ ಪದ್ಧತಿಗೆ ಇಂಧನ ಶಾಸ್ತ್ರದ ಬೆಂಬಲವೂ ಇದೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಡುವ ಅಭ್ಯಾಸದ ಬಗ್ಗೆ ಒಂದು ಮಾತು. ಕಾರ್ಬುರೇಟರಿನ ಕಾಲದಲ್ಲಿಯೂ ಅದು ಅಪಾಯವೇ ಆಗಿತ್ತು, ಈಗ ಅದು ನಷ್ಟವೂ ಹೌದು. 2020ರಿಂದ ಈಚಿನ ದೊಡ್ಡ ಗಾಡಿಗಳಲ್ಲಿ ಪೆಟ್ರೋಲನ್ನು ಅಳೆದು ಸಿಂಪಡಿಸುವ ಇಂಜೆಕ್ಷನ್ ವ್ಯವಸ್ಥೆಯಿದೆ. ಗೇರಿನಲ್ಲಿದ್ದು ಕೈ ಪೂರ್ತಿ ಬಿಟ್ಟರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಪೆಟ್ರೋಲು ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ನು ತನ್ನನ್ನು ತಾನೇ ತಿರುಗಿಸಿಕೊಳ್ಳಲು ಪೆಟ್ರೋಲು ಕುಡಿಯುತ್ತಲೇ ಇರುತ್ತದೆ. ಮೇಲಾಗಿ ಎಂಜಿನ್ನಿನ ಹಿಡಿತ ತಪ್ಪಿ ಎಲ್ಲ ಭಾರ ಬ್ರೇಕಿನ ಮೇಲೆ. ಮಕ್ಕಳಿಗೆ ಇದನ್ನು ತಿಳಿಯ ಹೇಳಬೇಕಾದ್ದು ಪೆಟ್ರೋಲಿಗಾಗಿ ಅಲ್ಲ.

ಟೈರಿನ ಗಾಳಿ, ಚೈನಿನ ಸಡಿಲ, ಏರ್ ಫಿಲ್ಟರು ಇವುಗಳ ಬಗ್ಗೆ ಎಲ್ಲರೂ ಬಲ್ಲರು, ಕೆಲವರು ಮಾಡುತ್ತಾರೆ. ನಮ್ಮ ಕಡೆಯ ವಿಶೇಷ ಇಷ್ಟು. ಕೊಯ್ಲಿನ ತಿಂಗಳುಗಳ ಕೆಂಪು ಧೂಳಿನಲ್ಲಿ ಫಿಲ್ಟರು ಕೈಪಿಡಿ ಹೇಳುವ ಅವಧಿಗೆ ಮುಂಚೆಯೇ ಕಟ್ಟುತ್ತದೆ. ಮಳೆಗಾಲದ ಕೆಸರು ಬ್ರೇಕಿನಲ್ಲಿ ಕುಳಿತು, ಹಿಡಿದು ಬಿಡದಂತೆ ಮಾಡುತ್ತದೆ. ಗಾಡಿಯನ್ನು ನಡುವಿನ ಸ್ಟ್ಯಾಂಡಿಗೆ ಏರಿಸಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ.

ಎಥನಾಲಿನ ವಿಷಯದಲ್ಲಿ ಗಾಳಿಮಾತು ಹೆಚ್ಚಾಗಿರುವುದರಿಂದ ಸ್ವಲ್ಪ ನಿಲ್ಲೋಣ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಶೇಕಡ 20 ಎಥನಾಲು ಬೆರೆತ ಪೆಟ್ರೋಲೇ ಸಾಮಾನ್ಯವಾಗಿದೆ. ಒಂದು ಲೀಟರು ಎಥನಾಲಿನಲ್ಲಿರುವ ಶಾಖ ಒಂದು ಲೀಟರು ಪೆಟ್ರೋಲಿನದರ ಮೂರನೇ ಎರಡು ಭಾಗ ಮಾತ್ರ. ಐದರಲ್ಲಿ ಒಂದು ಪಾಲು ಬೆರೆಸಿದಾಗ ಶಾಖ ಶೇಕಡ 6ರಿಂದ 7 ಇಳಿಯುತ್ತದೆ. ಶುದ್ಧ ಪೆಟ್ರೋಲಿಗೆಂದು ರಚಿಸಿ ಶೇಕಡ 10ರ ಮಿಶ್ರಣಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳಲ್ಲಿ ಮೈಲೇಜು ಶೇಕಡ 3ರಿಂದ 4 ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿ ಹೇಳಿದೆ. ಅಂದರೆ 33 ಕೊಡುತ್ತಿದ್ದದ್ದು 32 ಆಯಿತು. ‘ಎಥನಾಲು ಬಂದ ಮೇಲೆ ಮೈಲೇಜು ಅರ್ಧವಾಯಿತು’ ಎನ್ನುವವರು ತಮ್ಮ ಫಿಲ್ಟರನ್ನೂ ಬ್ರೇಕನ್ನೂ ಒಮ್ಮೆ ಬಿಚ್ಚಿ ನೋಡುವುದು ಲೇಸು. ಹಾಗೆಂದು ಚಿಂತೆಯೇ ಇಲ್ಲವೆಂದಲ್ಲ. ಎಥನಾಲು ಗಾಳಿಯ ತೇವವನ್ನು ಹೀರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಕೊಟ್ಟಿಗೆಯಲ್ಲಿ ಅರ್ಧ ಟ್ಯಾಂಕು ಪೆಟ್ರೋಲಿನೊಡನೆ ನಿಲ್ಲುವ ಗಾಡಿಗೆ ನಮ್ಮ ಮಳೆಗಾಲ ಒಳ್ಳೆಯದಲ್ಲ; ನೀರು ಬೇರೆಯಾಗಿ ತಳ ಸೇರಿದರೆ ತಗಡಿನ ಟ್ಯಾಂಕು ತುಕ್ಕು ಹಿಡಿಯುತ್ತದೆ. ಒಳಗೆ ತೇವದ ಗಾಳಿಗೆ ಜಾಗವಿಲ್ಲದಂತೆ ಟ್ಯಾಂಕು ತುಂಬಿಸಿಡುವುದು, ಸಾಧ್ಯವಾದರೆ ಹದಿನೈದು ದಿನಕ್ಕೊಮ್ಮೆ ಓಡಿಸಿ ಹೊಸ ಪೆಟ್ರೋಲು ಹಾಕುವುದು ಕ್ಷೇಮ. ಹಳೆಯ ಬುಲೆಟ್ಟು, ಯೆಜ್ಡಿ ಇಟ್ಟುಕೊಂಡವರು ರಬ್ಬರಿನ ಪೈಪು, ವಾಷರುಗಳನ್ನು ಮಳೆಗೆ ಮುಂಚೆ ನೋಡಿಸಬೇಕು.

ಈಗ ಹಣದ ಲೆಕ್ಕ. ಸುಲಭಕ್ಕಾಗಿ ಪೆಟ್ರೋಲು ಲೀಟರಿಗೆ 100 ರೂಪಾಯಿ, ವರ್ಷದ ಓಡಾಟ 10,000 ಕಿ.ಮೀ. ಎಂದಿಟ್ಟುಕೊಳ್ಳೋಣ. ಲೀಟರಿಗೆ 30 ಕೊಡುವ ದೊಡ್ಡ ಗಾಡಿಗೆ ವರ್ಷಕ್ಕೆ 333 ಲೀಟರು, ಅಂದರೆ 33,300 ರೂಪಾಯಿ. ಐದು ವರ್ಷಕ್ಕೆ ಒಂದು ಲಕ್ಷ ಅರವತ್ತಾರು ಸಾವಿರ ದಾಟುತ್ತದೆ. 60 ಕೊಡುವ ಸಣ್ಣ ಗಾಡಿಗೆ ಅದರ ಅರ್ಧ. ದೊಡ್ಡ ಗಾಡಿಯನ್ನು ಕೊಳ್ಳಬೇಡಿ ಎಂದು ನಾವು ಹೇಳುತ್ತಿಲ್ಲ; ಮಕ್ಕಳು ಊರಿಗೆ ಮರಳಿ ತೋಟ ನೋಡಿಕೊಳ್ಳುತ್ತೇವೆಂದರೆ ಒಂದು ಗಾಡಿ ದೊಡ್ಡ ಮಾತಲ್ಲ. ಆದರೆ ಮನೆಯಲ್ಲಿದ್ದ ಹಳೆಯ ನೂರು ಸಿ.ಸಿ. ಗಾಡಿಯನ್ನು ಅದಕ್ಕೆ ವಿನಿಮಯವಾಗಿ ಕೊಟ್ಟುಬಿಡಬೇಡಿ. ಹತ್ತು ಸಾವಿರದಲ್ಲಿ ಎಂಟು ಸಾವಿರ ಕಿಲೋಮೀಟರು ಸಣ್ಣದರಲ್ಲಿ, ಎರಡು ಸಾವಿರ ದೊಡ್ಡದರಲ್ಲಿ ಓಡಿದರೆ ವರ್ಷಕ್ಕೆ 200 ಲೀಟರು ಸಾಕು. 13,000 ರೂಪಾಯಿಗೂ ಮೇಲೆ ಉಳಿಯುತ್ತದೆ. ಎಲೆಚುಕ್ಕಿ ರೋಗಕ್ಕೆ ಔಷಧಿ ಹೊಡೆಸಿ ಸುಸ್ತಾದ ಅಡಿಕೆ ಬೆಳೆಗಾರರಿಗೆ ಈ ಮೊತ್ತ ಎಷ್ಟು ಎಂಬುದು ಗೊತ್ತು.

ದೊಡ್ಡ ಗಾಡಿಯವರಿಗೆ ಒಂದು ಸಮಾಧಾನವೂ ಇದೆ. 30ನ್ನು 34 ಮಾಡಿಕೊಂಡರೆ ಹತ್ತು ಸಾವಿರ ಕಿಲೋಮೀಟರಿಗೆ 39 ಲೀಟರು ಉಳಿಯುತ್ತದೆ. ಸಣ್ಣ ಗಾಡಿಯವರು 60ನ್ನು 68 ಮಾಡಿಕೊಂಡರೂ ಉಳಿಯುವುದು 20 ಲೀಟರು ಮಾತ್ರ. ನಯವಾಗಿ ಓಡಿಸುವ ಶ್ರಮಕ್ಕೆ ದೊಡ್ಡ ಗಾಡಿಯೇ ಹೆಚ್ಚು ಕೂಲಿ ಕೊಡುತ್ತದೆ.

ಕೊನೆಯದಾಗಿ ಸಿಬ್ಬಂದಿಯ ಭತ್ಯೆ. ತಿಂಗಳಿಗೆ 1,000 ಕಿ.ಮೀ. ತೋಟ ತೋಟ ಸುತ್ತುವ ಮೇಲ್ವಿಚಾರಕರಿಗೆ ಲೀಟರಿಗೆ 60ರಂತೆ ಕೊಟ್ಟರೆ 1,667 ರೂಪಾಯಿ. ಏರಿಳಿತದ ದಾರಿಯಲ್ಲಿ, ಮಣ್ಣಿನ ಮಾದರಿಯ ಚೀಲ ಹೊತ್ತು ಅವರ ಗಾಡಿ 45 ಮಾತ್ರ ಕೊಟ್ಟರೆ ಖರ್ಚು 2,222. ವ್ಯತ್ಯಾಸದ 555 ರೂಪಾಯಿ ಪ್ರತಿ ತಿಂಗಳು ಅವರ ಸಂಬಳದಿಂದ ಹೋಗುತ್ತದೆ. ವರ್ಷಕ್ಕೆ 6,600 ರೂಪಾಯಿಗೂ ಮೇಲೆ. ಸಂಘ ಉಳಿಸಿದೆವೆಂದುಕೊಂಡ ಹಣ ಇದೇ. ಆದ್ದರಿಂದ ಕಂಪೆನಿಯ ಅಂಕಿಯ ಬದಲು, ನಮ್ಮದೇ ದಾರಿಗಳಲ್ಲಿ ಮಳೆಗಾಲವೂ ಬೇಸಿಗೆಯೂ ಸೇರಿದಂತೆ ಅಳೆದ ಅಂಕಿಯನ್ನು ಆಧಾರವಾಗಿಡಬೇಕೆಂದು ಆಡಳಿತ ಮಂಡಲಿಗೆ ಬರೆದುಕೊಟ್ಟಿದ್ದೇವೆ.

ಇದಕ್ಕೆ ಸದಸ್ಯರ ಸಹಾಯ ಬೇಕು. ದಿನಾಂಕ, ಮೀಟರಿನ ಅಂಕಿ, ಹಿಡಿಸಿದ ಲೀಟರು, ಒಬ್ಬರೇ ಅಥವಾ ಇಬ್ಬರೇ, ಘಟ್ಟವೋ ಬಯಲೋ, ಇಷ್ಟು ಬರೆದುಕೊಳ್ಳಲು ಒಂದು ಹಾಳೆಯನ್ನು ಕಚೇರಿಯಲ್ಲಿ ಅಚ್ಚು ಹಾಕಿಸಿ ಇಟ್ಟಿದೆ. ಸಾಲದ ಅರ್ಜಿಯಲ್ಲೂ ವರ್ಷದ ಅಂದಾಜು ಕಿಲೋಮೀಟರು, ಅಂದಾಜು ಪೆಟ್ರೋಲ್ ಖರ್ಚು ಎಂಬ ಎರಡು ಸಾಲು ಸೇರಿಸಿದ್ದೇವೆ. ಅದನ್ನು ಖಾಲಿ ಬಿಟ್ಟ ಅರ್ಜಿಗಳನ್ನು ತುಂಬಿಸಿಕೊಂಡು ಬರಲು ವಾಪಸು ಕೊಡಲಾಗುವುದು. ಹಾಳೆಗಳನ್ನು ವಾರ್ಷಿಕ ಮಹಾಸಭೆಗೆ ಹದಿನೈದು ದಿನ ಮುಂಚಿತವಾಗಿ ತಲುಪಿಸಿದರೆ ಗಾಡಿವಾರು ಪಟ್ಟಿ ಮಾಡಿ ಸಭೆಯ ಮುಂದೆ ಇಡುತ್ತೇವೆ. ಬಂಕಿನ ರಸೀದಿಗಳನ್ನು ಹಾಳೆಗೆ ಲಗತ್ತಿಸುವುದನ್ನು ದಯವಿಟ್ಟು ಮರೆಯಬಾರದು.